ಮಲಗಿದ್ದ ಮೊಟ್ಟೆಗಳ ಪರವಾಗಿ

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತ ಮೊದಲ ಪಾಠ ಇದು: ಉತ್ತರ ಗೊತ್ತಿಲ್ಲವೆಂಬುದು ಮುಖದಲ್ಲಿ ಕಾಣಿಸಬಾರದು. ಕೆಲವು ವರ್ಷಗಳ ಹಿಂದೆ ನಂಜನಗೂಡಿನ ಒಂದು ನರ್ಸಿಂಗ್ ಹೋಮಿನ ಬೆಂಚಿನ ಮೇಲೆ ಕುಳಿತಿದ್ದಾಗ ಆ ಪಾಠ ನನ್ನ ನೆರವಿಗೆ ಬರಲಿಲ್ಲ. ಪಕ್ಕದಲ್ಲಿದ್ದ ತುಂಬು ಬಸುರಿ ಹೆಂಗಸೊಬ್ಬರು ಉಪ್ಪುಖಾರ ಸವರಿದ ಸೌತೆಕಾಯಿಯ ಹೋಳನ್ನು ನನ್ನ ಕಡೆಗೆ ಚಾಚಿ, "ನಿಮ್ದು ಎಷ್ಟನೇದ್ರವ್ವಾ?" ಎಂದು ಕೇಳಿದರು.

ನಾನು ತಡವರಿಸಿದೆ. "ನಾನು ಬೇರೆ ವಿಷಯಕ್ಕೆ ಬಂದಿದ್ದೀನಿ" ಎಂದೆ.

ಅವರು ನನ್ನ ಮುಖವನ್ನೊಮ್ಮೆ ನೋಡಿದರು. ಏನನ್ನೋ ಊಹಿಸಿರಬೇಕು, ಆದರೆ ಅದನ್ನು ಕಣ್ಣಲ್ಲಿ ತೋರಗೊಡಲಿಲ್ಲ. "ಯಾವ್ ಇಸ್ಯಕ್ಕಾದ್ರೂ ಬಂದಿರಿ, ಸೌತೆಕಾಯಿಗೇನ್ ಆಗಿದ್ದದು? ತಿನ್ನಿ" ಎಂದು ಹೋಳನ್ನು ಕೈಗೆ ತುರುಕಿದರು. ನಾನು ತಿಂದೆ. ಅದಾದ ಮೇಲೆ ಎಷ್ಟೋ ಆಸ್ಪತ್ರೆಗಳ ಎಷ್ಟೋ ಬೆಂಚುಗಳ ಮೇಲೆ ಕುಳಿತಿದ್ದೇನೆ. ಹೊಟ್ಟೆ ಮುಂದೆ ಬಂದವರ ನಡುವೆ ಹೊಟ್ಟೆಯಿಲ್ಲದೆ ಕುಳಿತು, ಗೋಡೆಯ ಮೇಲಿನ ನಗುವ ಕೂಸುಗಳ ಪಟಗಳಿಂದ ಕಣ್ಣು ತಪ್ಪಿಸಿಕೊಂಡು, ತಮ್ಮ ಹೆಸರು ಕರೆಯುವುದನ್ನೇ ಕಾಯುವ ಹೆಂಗಸರು ಪ್ರತಿಯೊಂದು ಬೆಂಚಿನಲ್ಲಿಯೂ ಒಬ್ಬಿಬ್ಬರಿರುತ್ತಾರೆ. ಈ ಬರಹ ಅವರಿಗಾಗಿ. ಸೌತೆಕಾಯಿಯ ಹೋಳಿನಷ್ಟಾದರೂ ಇದು ಒದಗಿದರೆ ಸಾಕು.

ನಾನು ಟಿ. ನರಸೀಪುರದ ಬಳಿಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನದ ಶಿಕ್ಷಕಿ. ತವರು ದೇವನೂರು, ಬುದ್ಧನ ಪಟದ ಮುಂದೆ ಪ್ರತಿದಿನ ದೀಪ ಹಚ್ಚಿ, "ಪ್ರಶ್ನೆ ಕೇಳೋದ್ ಕಲೀರಿ" ಎಂದು ಹೇಳುತ್ತಿದ್ದ ಅಪ್ಪನ ಮನೆ. ಸೇರಿದ ಮನೆ ಹೆಮ್ಮಿಗೆಯದು. ಅಲ್ಲಿ ಗೋಡೆಯ ಮೇಲೆ ಮಾದಪ್ಪ, ಹಿತ್ತಿಲಲ್ಲಿ ಗೌರಿ ಎಂಬ ಹಸು. ನನ್ನ ಗಂಡ ಸಿದ್ದರಾಜು ನಾಲೆಯ ನೀರಗಂಟಿ. ಯಾವ ಗದ್ದೆಗೆ ಯಾವಾಗ ತೂಬು ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬುದು ಅವನ ಕೆಲಸ. ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯಬೇಕೆಂದು ಮದುವೆಗೆ ಮುಂಚೆಯೇ ಒಪ್ಪಿಕೊಂಡಿದ್ದೆವು. ನಾನು "ರಾಜು" ಎಂದಾಗಲೆಲ್ಲ ಅತ್ತೆ ಚಿಕ್ಕತಾಯಮ್ಮ, "ಯಾರೋ ಫ್ರೆಂಡ್ ಕರ್ದಂಗಾಯ್ತು, ಓಗ್ಲಾ" ಎಂದು ಮಗನನ್ನು ಛೇಡಿಸುತ್ತಿದ್ದರು.

ಆ ಮನೆಯಲ್ಲಿ ನಾನು ಗೆದ್ದ ಮೊದಲ ವಾದ ಮುಟ್ಟಿನದು. ಅಲ್ಲಿನ ಹೆಂಗಸರು ಆ ಮೂರು ದಿನ ಜಗುಲಿಯ ಮೂಲೆಯಲ್ಲಿ ಕೂರುತ್ತಿದ್ದರು. ಯಾರ ಸರದಿ ಯಾವಾಗ ಎಂಬುದು ಬೀದಿಗೆಲ್ಲ ಗೊತ್ತಿರುತ್ತಿತ್ತು. ಮುಟ್ಟು ಎಂಬ ಪದವನ್ನು ಗಟ್ಟಿಯಾಗಿ ಉಚ್ಚರಿಸಬೇಕು, ಆದರೆ ಯಾವ ಹೆಂಗಸನ್ನೂ ಅದನ್ನು ಸಾರುವಂತೆ ಬಲವಂತಪಡಿಸಬಾರದು ಎಂಬುದು ನನ್ನ ನಿಲುವು. ಹೆಣ್ಣುಮಕ್ಕಳಿಗೆ ತಿಳಿವಳಿಕೆ ಕೊಡಲು ಸೋಸಲೆಯವರೆಗೂ ಊರೂರು ತಿರುಗುತ್ತಿದ್ದವಳು ನನ್ನ ಮನೆಯಲ್ಲೇ ಜಗುಲಿಗೆ ಹೋಗಿ ಕೂರುವುದು ಹೇಗೆ? ಮದುವೆಯಾದ ತಿಂಗಳಲ್ಲೇ ಅತ್ತೆಯ ಮುಂದೆ ನಿಂತು ಆರಂಭ, ವಿಷಯ ಮಂಡನೆ, ಉಪಸಂಹಾರ ಎಲ್ಲವೂ ಇದ್ದ ಒಂದು ಭಾಷಣ ಮಾಡಿದೆ. ಅತ್ತೆ ಅವರೆಕಾಯಿ ಸುಲಿಯುತ್ತ ಕೊನೆಯವರೆಗೂ ಕೇಳಿದರು.

"ಕೂರ್ಬ್ಯಾಡ ಬುಡವ್ವ. ಮೂರ್ ದಿನ ನೀನ್ ಕೂತ್ಕಂಡ್ರೆ ಕೆಲ್ಸ ಯಾರ್ ಮಾಡಾರು? ನಾನೂ ಕೇಳಕಿಲ್ಲ, ನೀನೂ ಏಳ್ಬ್ಯಾಡ."

ಗೆಲುವು ಇಷ್ಟು ಸುಲಭವಾಗಿ ಸಿಕ್ಕಿದ್ದಕ್ಕೆ ನನಗೆ ಸ್ವಲ್ಪ ನಿರಾಸೆಯೇ ಆಯಿತು. ಆದರೆ ಅತ್ತೆ ಕೊಟ್ಟ ಮಾತಿಗೆ ಎಂದೂ ತಪ್ಪಲಿಲ್ಲ. ಒಮ್ಮೆಯೂ ಕೇಳಲಿಲ್ಲ. ಮುಂದೆ ನಡೆದದ್ದಕ್ಕೆಲ್ಲ ಆ ನಿಷ್ಠೆಯೇ ಮೂಲ.

ನನಗೆ ಮೂವತ್ತೊಂದು ವರ್ಷವಾಗಿದ್ದಾಗ ಮುಟ್ಟು ದೂರ ದೂರವಾಗುತ್ತ ಬಂದು, ಒಂದು ಮಳೆಗಾಲದ ಹೊತ್ತಿಗೆ ನಿಂತೇ ಹೋಯಿತು. ಮೊದಲು ಸಂತೋಷಪಟ್ಟೆವು. ಮದುವೆಯಾಗಿ ನಾಲ್ಕು ವರ್ಷ ಕಳೆದಿತ್ತು. ನಮ್ಮಿಬ್ಬರಿಗೂ ಮಗುವಿನ ಆಸೆಯಿತ್ತು. ಔಷಧಿ ಅಂಗಡಿಯಿಂದ ತಂದ ಬಸಿರು ಪರೀಕ್ಷೆಯ ಪಟ್ಟಿಯಲ್ಲಿ ಒಂದೇ ಗೆರೆ ಮೂಡಿತು. ಮತ್ತೆ ತಂದೆವು; ಮತ್ತೆ ಒಂದೇ ಗೆರೆ. ಅಷ್ಟರಲ್ಲಿ ಪಾಠ ಮಾಡುತ್ತಿರುವಾಗ ಎದೆಯಿಂದ ಕತ್ತಿನವರೆಗೆ ಯಾರೋ ಒಲೆಯ ಕೆಂಡವನ್ನು ಸರಿಸಿದಂತೆ ಮೈ ಬಿಸಿಯೇರಿ, ಬೆವರಿನಿಂದ ರವಿಕೆ ತೊಯ್ದುಹೋಗುವುದು ಶುರುವಾಯಿತು. ಮಕ್ಕಳು ನನ್ನ ಕಡೆಗೆ ಫ್ಯಾನು ತಿರುಗಿಸುತ್ತಿದ್ದರು. ಸಂವಿಧಾನದ ಪೀಠಿಕೆಯನ್ನು ಬಾಯಿಪಾಠವಾಗಿ ಹೇಳಬಲ್ಲ ನಾನು ನಡುವೆ ಒಂದು ಪದಕ್ಕಾಗಿ ತಡಕಾಡಿದ್ದುಂಟು.

ನಂಜನಗೂಡಿನ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಕಾಗದ ನೋಡಿ, ಕನ್ನಡಕ ತೆಗೆದು ಒರೆಸಿ, ಮೈಸೂರಿನಲ್ಲಿ ಒಬ್ಬರನ್ನು ನೋಡುವಂತೆ ಹೇಳಿದರು. ಅವರು ಕನ್ನಡಕ ಒರೆಸಿದ ರೀತಿಯಲ್ಲಿಯೇ ನನಗೆ ಅರ್ಧ ತಿಳಿದುಹೋಯಿತು.

ಮೈಸೂರಿನ ಡಾಕ್ಟರು ನಿಧಾನವಾಗಿ ಮಾತಾಡುವ, ಬಿಳಿ ಕೂದಲಿನ ಹೆಂಗಸು. ರಾಜು ನಾಲೆಯ ಕೆಲಸದಿಂದ ನೇರವಾಗಿ ಬಂದಿದ್ದ. ಪ್ಯಾಂಟಿನ ಅಂಚಿನಲ್ಲಿ ಕೆಸರು ಒಣಗಿತ್ತು. ಅದನ್ನು ಮುಚ್ಚಿಕೊಳ್ಳಲು ಕುರ್ಚಿಯ ಕೆಳಗೆ ಕಾಲು ಎಳೆದುಕೊಳ್ಳುತ್ತಿದ್ದ. ಡಾಕ್ಟರು ಅದನ್ನು ನೋಡಿಯೂ ನೋಡದವರಂತೆ ಇಬ್ಬರಿಗೂ ನೀರು ಕೊಟ್ಟು ಮಾತು ಶುರುಮಾಡಿದರು.

"ನೋಡಿ, ಹಸು ಆಗ್ಲಿ, ಕುರಿ ಆಗ್ಲಿ, ನಾವಾಗ್ಲಿ, ಎಲ್ಲರದ್ದೂ ಹೆಚ್ಚುಕಮ್ಮಿ ಒಂದೇ ಲೆಕ್ಕ. ಹೆಣ್ಣುಕೂಸು ತಾಯಿ ಹೊಟ್ಟೇಲಿ ಇರುವಾಗಲೇ ಅದರ ಮೊಟ್ಟೆಗಳೆಲ್ಲ ತಯಾರಾಗಿಬಿಟ್ಟಿರುತ್ತೆ. ಹುಟ್ಟಿದ ಮೇಲೆ ಹೊಸದು ಬರೋದಿಲ್ಲ ಅಂತಲೇ ನಾವು ತಿಳಿದಿರೋದು. ಅವೆಲ್ಲ ಮಲಗಿರುತ್ತೆ. ವರ್ಷಗಟ್ಟಲೆ. ಪ್ರತಿದಿನ ಅದರಲ್ಲಿ ಕೆಲವು ಮಾತ್ರ ಎದ್ದು ಬೆಳೆಯೋಕೆ ಶುರುಮಾಡುತ್ತೆ. ನಿಮ್ಮಲ್ಲಿ ಅವು ಬೇಗ ಬೇಗ ಎದ್ದು ಖರ್ಚಾಗಿರಬೇಕು, ಇಲ್ಲ ಮೊದಲೇ ಕಡಿಮೆ ಇದ್ದಿರಬೇಕು. ಯಾಕೆ ಅಂತ ಹೇಳೋಕೆ ನಿಮ್ಮ ಪರೀಕ್ಷೆಗಳಲ್ಲಿ ಯಾವ ಕಾರಣವೂ ಸಿಕ್ಕಿಲ್ಲ. ಎಷ್ಟೋ ಜನರಲ್ಲಿ ಸಿಗೋದಿಲ್ಲ."

ನನಗೆ ಕೇಳಬೇಕಾದ ಪ್ರಶ್ನೆ ಒಂದೇ ಒಂದಿತ್ತು. ಅದನ್ನು ರಾಜುವೇ ಕೇಳಿದ: "ಮಕ್ಳಾಗಕಿಲ್ವಾ ಮೇಡಂ?"

"ಆಗೋದೇ ಇಲ್ಲ ಅಂತ ಹೇಳೋದಿಲ್ಲ. ಆಗುತ್ತೆ ಅಂತ ಆಸೆಯನ್ನೂ ಕೊಡೋದಿಲ್ಲ. ಕೆಲವು ಇನ್ನೂ ಮಲಗಿರಬಹುದು. ಯಾವಾಗಲೋ ಒಂದು ಎದ್ದುಬಿಡಬಹುದು. ಇದು ಯಾಕೆ ಏಳುತ್ತೆ, ಪಕ್ಕದ್ದು ಯಾಕೆ ಮಲಗೇ ಇರುತ್ತೆ ಅನ್ನೋದು ನಮಗೂ ಪೂರ್ತಿ ಗೊತ್ತಿಲ್ಲಮ್ಮ." ಬಳಿಕ ಅವರು ಬೇರೊಬ್ಬರ ಅಂಡಾಣು ಪಡೆಯುವ ದಾರಿಯ ಬಗ್ಗೆಯೂ ಹೇಳಿದರು, ಅವಸರವಿಲ್ಲ, ಮನಸ್ಸು ಸಿದ್ಧವಾದಾಗ ಮಾತಾಡೋಣ ಎಂದರು. ಮೂಳೆ, ಹೃದಯಗಳ ರಕ್ಷಣೆಗೆಂದು ಪ್ರತಿದಿನ ನುಂಗುವ ಮಾತ್ರೆಗಳನ್ನು ಬರೆದುಕೊಟ್ಟರು. ಎದ್ದು ಹೊರಡುವಾಗ ನನ್ನ ಹೆಗಲು ಮುಟ್ಟಿ, "ನೀವು ಮಾಡಿದ್ದರಿಂದ ಆದದ್ದಲ್ಲ, ಮಾಡದೇ ಇದ್ದದ್ದರಿಂದಲೂ ಆದದ್ದಲ್ಲ" ಎಂದರು. ಆ ವಾಕ್ಯದಲ್ಲಿದ್ದ ಸಮತೋಲವನ್ನು ನನ್ನೊಳಗಿನ ಚರ್ಚಾಪಟು ಮೆಚ್ಚಿಕೊಂಡಳು. ನನ್ನಲ್ಲಿ ಉಳಿದವಳು ಬಸ್‌ಸ್ಟ್ಯಾಂಡಿನವರೆಗೂ ರಾಜುವಿನ ತೋಳು ಬಿಡಲಿಲ್ಲ.

ಸಂಜೆ ಊರಿನ ಹತ್ತಿರ ಬಸ್ಸಿಳಿದಾಗ ರಾಜು ಮನೆಯ ಕಡೆ ತಿರುಗದೆ ನನ್ನನ್ನು ನಾಲೆಯ ಏರಿಯ ಮೇಲೆ ಕರೆದುಕೊಂಡು ಹೋದ. ಅವನು ಕಾಯುವ ತೂಬು ಅಲ್ಲೇ ಇದೆ. ಹಲಗೆ ಇಳಿಸಿ ಬೀಗ ಹಾಕಿತ್ತು. ಅದರ ಹಿಂದೆ ನೀರು ತುಂಬಿ ನಿಂತಿತ್ತು.

"ಇದ್ನ ತೆಗಿಯೋಕೆ ಏನ್ ಬೇಕು ಏಳು? ಎರಡ್ ಕೈ ಸಾಕು. ಕುಡ್ಕಂಡ್ ಬಂದವ್ನೂ ತೆಗೀತಾನೆ. ಮುಚ್ಕಂಡ್ ಕಾಯೋದೇ ಕಷ್ಟ. ಈ ಗದ್ದೆಯವ್ನು ಬೈತಾನೆ, ಆ ಗದ್ದೆಯವ್ನು ಕಾಲ್ ಇಡೀತಾನೆ. ಆದ್ರೂ ಮುಚ್ಕಂಡಿರ್ಬೇಕು. ಬೆಳೆ ಉಳಿಯೋದು ಅದ್ರಿಂದ್ಲೇ. ಆ ಮೇಡಂ ಏಳ್ತಿದ್ರೆ ನಂಗೆ ಇದೇ ಗ್ಯಾನ. ನಿನ್ ಮೈಯೊಳ್ಗಿನ ನೀರಗಂಟಿ ಎಲ್ಲೋ ನಿದ್ದೆ ಒಡ್ದವ್ನೆ. ನೀರೆಲ್ಲ ಮೊದ್ಲೇ ಅರ್ದೋಗದೆ. ಅದ್ಕೆ ನೀನೇನ್ ಮಾಡೀಯೆ?"

"ಅವನನ್ನು ಸಸ್ಪೆಂಡ್ ಮಾಡು" ಎಂದೆ.

"ಮಾಡಣ. ಅರ್ಜಿ ನೀನೇ ಬರಿ, ನಿನ್ ಕನ್ನಡ ಚೆಂದಾಗದೆ" ಎಂದ. ನಾವಿಬ್ಬರೂ ನಕ್ಕೆವು. ನಗುತ್ತ ನಗುತ್ತಲೇ ನಾನು ಅಳತೊಡಗಿದೆ. ಅವನು ಕಣ್ಣೊರೆಸಲು ಬರಲಿಲ್ಲ. ನನ್ನ ಬ್ಯಾಗನ್ನು ತನ್ನ ಹೆಗಲಿಗೆ ಹಾಕಿಕೊಂಡು ಪಕ್ಕದಲ್ಲಿ ಕುಳಿತ. ಮನೆಯಲ್ಲಿ ಸದ್ಯಕ್ಕೆ ಹೇಳುವುದು ಬೇಡ, ನಮ್ಮ ದುಃಖಕ್ಕೆ ನಾವು ಮೊದಲು ಹೊಂದಿಕೊಳ್ಳೋಣ ಎಂದು ಅಲ್ಲಿಯೇ ನಿರ್ಧರಿಸಿದೆವು.

ಮಾರನೆಯ ವಾರ ಸೂರ್ಯಗ್ರಹಣ. ಪ್ರತಿ ಗ್ರಹಣದಂದು ನನ್ನ ಶಾಲೆಯ ಮೈದಾನದಲ್ಲಿ ನಾವೊಂದು ಕಾರ್ಯಕ್ರಮ ನಡೆಸುತ್ತೇವೆ. ಮಕ್ಕಳು ಗ್ರಹಣದ ಕನ್ನಡಕ ಹಾಕಿಕೊಂಡು ಸೂರ್ಯನನ್ನು ನೋಡುತ್ತಾರೆ. ಗ್ರಹಣ ಹಿಡಿದಿರುವಾಗಲೇ ಎಲ್ಲರೂ ಕೂಡಿ ಕಡ್ಲೆಪುರಿ ತಿನ್ನುತ್ತೇವೆ. ಅತ್ತೆಯ ಪದ್ಧತಿ ಬೇರೆ. ಕೊಡದ ನೀರಿಗೆ ಗರಿಕೆ ಹಾಕುವುದು, ತಟ್ಟೆಯ ನೀರಿನಲ್ಲಿ ಒನಕೆ ನಿಲ್ಲಿಸುವುದು. ಒನಕೆ ಗ್ರಹಣವಿಲ್ಲದಾಗಲೂ ನಿಲ್ಲುತ್ತದೆ ಎಂದು ನಾನೊಮ್ಮೆ ಸೋಮವಾರದ ದಿನ ಅದೇ ತಟ್ಟೆಯಲ್ಲಿ ನಿಲ್ಲಿಸಿ ತೋರಿಸಿದ್ದೆ. ಅತ್ತೆ, "ನಿಂತ್ಕತ್ತದೆ, ಸರಿ ಕಣವ್ವ" ಎಂದು ಒಪ್ಪಿಕೊಂಡು ಮುಂದಿನ ಗ್ರಹಣಕ್ಕೆ ಮತ್ತೆ ನಿಲ್ಲಿಸಿದ್ದರು. ನನ್ನ ದಾರಿಗೆ ಅವರು ಅಡ್ಡ ಬಂದವರಲ್ಲ, ಅವರ ದಾರಿಗೆ ನಾನೂ ಬಂದವಳಲ್ಲ.

ಆ ಬೆಳಿಗ್ಗೆ ಮಾತ್ರ ಅತ್ತೆ ಬಾಗಿಲಿಗೆ ಅಡ್ಡವಾಗಿ ನಿಂತಿದ್ದರು.

"ಅಮ್ಮಿ, ಇವತ್ತೊಂದಿನ ಒಳ್ಗಿರು."

"ಮಕ್ಕಳು ಕಾಯ್ತಿರ್ತಾರೆ ಅತ್ತೆ."

"ಗ್ರಾಣ ಬುಟ್ಮೇಲೆ ಓಗು. ನಿನ್ ವಾದ ಎಲ್ಲಾ ಸರಿ, ನಾನೇನ್ ಎದುರು ಮಾತಾಡ್ನಿಲ್ಲ. ಒನಕೆ ಸೋಮಾರನೂ ನಿಂತ್ಕತ್ತದೆ, ಒಪ್ಕಂಡಿವ್ನಿ. ಆದ್ರೆ ಇದು ನಿನ್ನೊಬ್ಳ್ ಇಚಾರ ಅಲ್ಲ ಕಣವ್ವ."

ನನಗೆ ಅರ್ಥವಾಗಲಿಲ್ಲ. ಸುತ್ತ ನೋಡಿದೆ. ಅಡುಗೆಮನೆಯಲ್ಲಿ ಈಳಿಗೆಮಣೆ ಕಾಣಿಸಲಿಲ್ಲ. ಚಾಕು ಇರಲಿಲ್ಲ. ಕಿಟಕಿಗಳಿಗೆಲ್ಲ ದುಪ್ಪಟಿ ಕಟ್ಟಿತ್ತು. ಅಷ್ಟರಲ್ಲಿ ಅತ್ತೆ ಹತ್ತಿರ ಬಂದು, ನನ್ನ ಸೆರಗಿಗೆ ಹಾಕಿದ್ದ ಪಿನ್ನನ್ನು ಮೆಲ್ಲಗೆ ಬಿಚ್ಚಿ ತೆಗೆದರು. ಸೂಜಿಮೊನೆ ನನಗೆ ತಾಗದಂತೆ ಬೆರಳನ್ನು ನಡುವೆ ಇಟ್ಟುಕೊಂಡಿದ್ದರು.

ಆಗ ಗೊತ್ತಾಯಿತು. ಗ್ರಹಣದ ಹೊತ್ತಿನಲ್ಲಿ ಕತ್ತರಿಸುವ, ಚುಚ್ಚುವ ವಸ್ತುಗಳಿಂದ ಇಷ್ಟು ಜೋಪಾನವಾಗಿ ಕಾಯುವುದು ಬಸುರಿಯರನ್ನು ಮಾತ್ರ. ಕಪಾಟಿನಲ್ಲಿ ನನ್ನ ಪ್ಯಾಡುಗಳ ಕಟ್ಟು ಒಡೆಯದೆ ಕುಳಿತದ್ದನ್ನು ಅತ್ತೆ ನೋಡಿದ್ದರು. ನನ್ನ ಬೆವರು, ನಿದ್ದೆಗೆಟ್ಟ ಕಣ್ಣು, ನಂಜನಗೂಡಿನ ಓಡಾಟಗಳನ್ನು ನೋಡಿದ್ದರು. ಕೇಳುವುದಿಲ್ಲವೆಂದು ಮಾತು ಕೊಟ್ಟಿದ್ದರಿಂದ ಕೇಳಿರಲಿಲ್ಲ. ತಾವೇ ಕೂಡಿಸಿ ಕಳೆದು ಸಂತೋಷಕ್ಕೆ ಬಂದು ನಿಂತಿದ್ದರು.

ನಾನು ವಿಜ್ಞಾನದ ಮೇಷ್ಟರಿಗೆ ಫೋನ್ ಮಾಡಿ, ಕಾರ್ಯಕ್ರಮವನ್ನು ಅವರೇ ನಡೆಸಬೇಕೆಂದು ಕೇಳಿಕೊಂಡೆ. ಬಳಿಕ ಒಲೆಯ ಮುಂದೆ ಅತ್ತೆಯ ಪಕ್ಕದಲ್ಲಿ ಕುಳಿತೆ. ಬೆಳಗಿನ ಬಿಸಿಲು ಮಂಕಾಗತೊಡಗಿತ್ತು. ದುಪ್ಪಟಿಯ ಹಿಂದಿನ ಬೆಳಕು ಬೂದಿಯ ಬಣ್ಣಕ್ಕೆ ತಿರುಗಿತು. ಹಿತ್ತಿಲಲ್ಲಿ ಗೌರಿ ಒಮ್ಮೆ ಕೂಗಿತು. ನಾನು ಎಲ್ಲವನ್ನೂ ಹೇಳಿದೆ. ಈ ಸಲ ಆರಂಭವೂ ಇರಲಿಲ್ಲ, ಉಪಸಂಹಾರವೂ ಇರಲಿಲ್ಲ.

ಅತ್ತೆ ಹಿತ್ತಿಲ ಕಡೆ ನೋಡಿ, "ಹಸೂಗೂ ಹಂಗೇಯಾ?" ಎಂದು ಕೇಳಿದರು.

"ಹೌದಂತೆ ಅತ್ತೆ. ಗೌರಿಗೂ ಅಷ್ಟೆ. ಹುಟ್ಟುವಾಗಲೇ ಇದ್ದದ್ದು."

"ನಿಂಗೆ ಒಂದೂ ಇಲ್ವಾ?"

"ಒಂದಷ್ಟು ಇದ್ದರೂ ಇರಬಹುದು. ಮಲಗಿವೆ. ಏಳುತ್ತವೋ ಇಲ್ಲವೋ ಗೊತ್ತಿಲ್ಲ."

ಅವರು ನನ್ನ ಕೈ ಹಿಡಿದುಕೊಂಡರು. ಒರಟು ಅಂಗೈ, ಒಲೆಯ ಬಿಸಿ ಇತ್ತು. ನನ್ನ ಬಗ್ಗೆ ಅವರಿಗೆ ಎಷ್ಟು ನೋವಾಯಿತು, ತಮ್ಮ ಕನಸಿನ ಬಗ್ಗೆ ಎಷ್ಟು ಎಂದು ಅಳೆಯುವ ಗೋಜಿಗೆ ನಾನು ಹೋಗಲಿಲ್ಲ. ಸ್ವಲ್ಪ ಹೊತ್ತಿನ ಬಳಿಕ ಎದ್ದು ನಿಂತು, "ಈಗ ಬಾಗಿಲು ತೆಗೀರಿ ಅತ್ತೆ, ಶಾಲೆಗೆ ಹೋಗ್ತೀನಿ. ಇಲ್ಲಿ ಕಾಯೋದಕ್ಕೆ ಏನೂ ಇಲ್ಲ" ಎಂದೆ.

ಅತ್ತೆ ಕೈ ಬಿಡಲಿಲ್ಲ.

"ಯಾರೇಳಿದ್ರು ಇಲ್ಲ ಅಂತ? ಮನ್ಗಿರೋವು ಅವೆ ಅಂದ್ಯಲ್ಲ ಈಗ. ಮನ್ಗಿರೋ ಮಕ್ಳಿಗೆ ಗ್ರಾಣ ತಾಕಕಿಲ್ವಾ? ಕೂತ್ಕ."

ನನ್ನ ಬಳಿ ಖಂಡನೆಗಳಿದ್ದವು. ಸೂರ್ಯನ ಮುಂದೆ ಚಂದ್ರ ಹಾದುಹೋಗುವುದಕ್ಕೂ ಮನೆಯೊಳಗೆ ನಿಂತ ಹೆಂಗಸಿನ ಅಂಡಾಶಯಕ್ಕೂ ಯಾವ ಸಂಬಂಧವೂ ಇಲ್ಲವೆಂದು ಮಗುವಿಗೂ ತಿಳಿಯುವಂತೆ ವಿವರಿಸಬಲ್ಲೆ, ಇಂದಿಗೂ ವಿವರಿಸುತ್ತೇನೆ. ಆದರೆ ಇಡೀ ಲೋಕದಲ್ಲಿ ಆ ಮಲಗಿದ್ದ ಮೊಟ್ಟೆಗಳ ಪರವಾಗಿ ಎದ್ದು ನಿಂತ ಮೊದಲನೆಯವರು ನನ್ನ ಅತ್ತೆ. ನಾನೇ ಅವುಗಳನ್ನು ಕೈಬಿಟ್ಟಿದ್ದೆ. ಗ್ರಹಣ ಬಿಡುವವರೆಗೂ ಕುಳಿತೆ.

ಬಿಸಿಲು ಮರಳಿದ ಮೇಲೆ ಅತ್ತೆ ತಟ್ಟನೆ ಹಣೆ ಚಚ್ಚಿಕೊಂಡರು. "ಅಯ್ಯೋ, ನಿಮ್ಮವ್ವಂಗೆ ಫೋನ್ ಮಾಡ್ಬುಟ್ಟಿವ್ನಿ ಕಣಮ್ಮಿ!"

ಅವ್ವ ಮಾರನೆಯ ದಿನವೇ ದೇವನೂರಿನಿಂದ ನಂಜನಗೂಡಿಗೆ, ಅಲ್ಲಿಂದ ಇಲ್ಲಿಗೆ ಬಸ್ಸು ಬದಲಿಸಿ ಬಂದರು. ಬರಬೇಡಿ ಎಂದು ಫೋನಿನಲ್ಲಿ ಹೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ವೈರ್ ಬ್ಯಾಗಿನಲ್ಲಿ ಹುಣಸೆಕಾಯಿ, ನುಗ್ಗೆಸೊಪ್ಪು, ರಾಗಿಯ ಹೊಟ್ಟಿನಲ್ಲಿ ಹುದುಗಿಸಿದ ನಾಟಿಕೋಳಿ ಮೊಟ್ಟೆಗಳು. ಬಸ್ಸಿನ ಕುಲುಕಾಟದಲ್ಲಿ ಒಂದೂ ಒಡೆದಿರಲಿಲ್ಲ. "ಇಡೀ ದಾರಿ ಮಡ್ಲಲ್ಲೇ ಇಟ್ಕಂಡ್ ಬಂದೆ" ಎಂದು ಹೆಮ್ಮೆಯಿಂದ ಹೇಳಿದರು.

ವಿಷಯ ತಿಳಿದಾಗ ಅವ್ವ ಅಳಲಿಲ್ಲ. ಕಾಫಿಯ ಲೋಟ ಹಿಡಿದು ಕುಳಿತೇ ಇದ್ದರು. ಅವರನ್ನು ಸಮಾಧಾನಪಡಿಸಲು ನಾನು ಡಾಕ್ಟರಿಂದ ಕೇಳಿದ, ನನಗೆ ಅತ್ಯಂತ ಸುಂದರವೆನಿಸಿದ್ದ ಸಂಗತಿಯನ್ನು ಹೇಳಿದೆ: ನನ್ನ ಮೊಟ್ಟೆಗಳೆಲ್ಲ ಆದದ್ದು ನಾನು ನಿನ್ನ ಹೊಟ್ಟೆಯಲ್ಲಿದ್ದಾಗ, ನೀನು ನನ್ನೊಬ್ಬಳನ್ನಲ್ಲ, ನನ್ನೊಳಗೆ ಮಲಗಿದ್ದ ಅವುಗಳನ್ನೂ ಹೊತ್ತಿದ್ದೆ ಅವ್ವ, ಎಂದೆ.

ಅವ್ವನ ಮುಖದ ಬಣ್ಣವೇ ಇಳಿದುಹೋಯಿತು.

"ಹಂಗಾರೆ ನನ್ ಒಟ್ಟೇಲೇ ಕಮ್ಮಿ ಆದ್ವಾ?"

"ಇಲ್ಲವ್ವ, ಹಾಗಲ್ಲ..."

"ನಿನ್ ಒಟ್ಟೇಲಿಟ್ಕಂಡು ಗೌಡ್ರ ಕಬ್ಬಿನ ಗದ್ದೇಲಿ ಕಳೆ ತೆಗ್ದೆ ಕಣ್ಮಗ. ಒಂದೊತ್ ಉಂಡ್ರೆ ಇನ್ನೊಂದೊತ್ ನೀರು. ನಿಂಗೇ ಸಾಲ್ದೋ ಏನೋ ಅಂತ ಎದ್ರಿದ್ದೆ. ನಿನ್ನೊಳ್ಗೆ ಇನ್ನೂ ಅಷ್ಟ್ ಜನ ಕಾಯ್ಕಂಡವ್ರೆ ಅಂತ ನಂಗೆಂಗ್ ಗೊತ್ತಾಗ್ಬೇಕು?"

ನಾನು ವಾದಿಸಿದೆ. ಡಾಕ್ಟರು ಕಾರಣ ಸಿಕ್ಕಿಲ್ಲ ಎಂದದ್ದನ್ನು ಹೇಳಿದೆ. ಯಾರ ತಪ್ಪೂ ಅಲ್ಲ ಎಂದದ್ದನ್ನು ಹೇಳಿದೆ. ತಪ್ಪೇನಾದರೂ ಇದ್ದರೆ ಬಸುರಿಯನ್ನು ಅರೆಹೊಟ್ಟೆಯಲ್ಲಿ ಕಬ್ಬಿನ ಗದ್ದೆಗೆ ಇಳಿಸಿದ ವ್ಯವಸ್ಥೆಯದು, ನಿನ್ನದಲ್ಲ ಎಂದೂ ಹೇಳಿದೆ. ಎಲ್ಲವೂ ಸರಿಯಾದ ಮಾತುಗಳು. ಒಂದೂ ಅವ್ವನನ್ನು ತಲುಪಲಿಲ್ಲ. ಅಪರಾಧ ತನ್ನದೆಂದು ತಾನೇ ಒಪ್ಪಿಕೊಂಡು ಕುಳಿತವರ ಪರವಾಗಿ ವಾದ ಮಾಡುವುದನ್ನು ನನಗೆ ಯಾವ ಕಾಲೇಜಿನಲ್ಲಿಯೂ ಕಲಿಸಿರಲಿಲ್ಲ.

ಒಲೆಯ ಮುಂದಿದ್ದ ಅತ್ತೆ, ಮುದ್ದೆ ತಿರುವುವ ಹಿಟ್ಟಿನ ದೊಣ್ಣೆಯನ್ನು ಕೈಯಲ್ಲಿ ಹಿಡಿದೇ ಅವ್ವನ ಕಡೆ ತಿರುಗಿದರು.

"ಏ ನಾಗವ್ವ, ಸುಮ್ಕಿರು. ನಾನ್ ಈ ರಾಜುನ ಒಟ್ಟೇಲಿಟ್ಕಂಡು ನಾಟಿ ಆಕಿವ್ನಿ. ನೋವು ಬಂದದ್ದೇ ಗದ್ದೆ ಬದೀಲಿ. ನಂಗೇನ್ ತುಪ್ಪದನ್ನ ಇಕ್ಕಿದ್ರಾ? ನೋಡು ಇವ್ನ, ಕೋಣ ಇದ್ದಂಗವ್ನೆ. ಹಸ್ದಿದ್ಕೆಲ್ಲ ಒಟ್ಟೆ ಬರ್ದಾಗಂಗಿದ್ರೆ ನಮ್ ಕೇರೀಲಿ ಒಂದ್ ಕೂಸಾದ್ರೂ ಉಟ್ತಿತ್ತೇನವ್ವ?"

ಬಾಗಿಲಲ್ಲಿ ನಿಂತಿದ್ದ ರಾಜು, "ಕೋಣ ಅನ್ನೋದ್ ಬ್ಯಾಡಾಗಿತ್ತು" ಎಂದ. ಅವ್ವನಿಗೆ ನಗು ಬಂತು. ನಗುವಿನ ಹಿಂದೆಯೇ, ತಡೆದಿಟ್ಟುಕೊಂಡಿದ್ದ ಅಳುವೂ ಬಂತು. ಅತ್ತೆ ದೊಣ್ಣೆ ಬಿಟ್ಟು ಬಂದು ಅವರ ಪಕ್ಕ ಕುಳಿತರು. ಬಸಿರಲ್ಲಿ ಮಕ್ಕಳನ್ನು ಹೊತ್ತು ಬೇರೆಯವರ ಗದ್ದೆಗಳಲ್ಲಿ ಬಗ್ಗಿ ದುಡಿದ ಇಬ್ಬರು ಹೆಂಗಸರು ಒಬ್ಬರ ಹೆಗಲಿಗೊಬ್ಬರು ಆತುಕೊಂಡಿದ್ದರು. ನನ್ನೊಳಗೆ ಈಗಲೂ ಮಲಗಿರುವವು ಯಾವುವೇ ಇರಲಿ, ಅವೂ ಅಂದು ಅವ್ವನೊಂದಿಗೆ ಆ ಕಬ್ಬಿನ ಗದ್ದೆಯಲ್ಲಿದ್ದವು ಎಂಬ ಯೋಚನೆ ಮೊದಲ ಬಾರಿಗೆ ಬಂದದ್ದು ಆಗ. ಅಂದು ಮುದ್ದೆ ಗಂಟುಗಂಟಾಗಿತ್ತು. ಅವ್ವ ತಂದ ಮೊಟ್ಟೆಗಳ ಸಾರಿನೊಂದಿಗೆ ಎಲ್ಲರೂ ಅದನ್ನೇ ಉಂಡೆವು.

ಆಮೇಲಿನದು ನಿಧಾನವಾದ ಕಾಲ. ಮಾತ್ರೆ ಮೈಗೆ ಒಗ್ಗಿತು; ಕೆಂಡ ತಣಿಯಿತು; ನಿದ್ದೆ ಮರಳಿತು. ಯಾರಾದರೂ "ಇನ್ನೂ ಇಲ್ವಾ?" ಎಂದು ಕೇಳಿದರೆ ನಾನು ಉತ್ತರ ಹುಡುಕುವ ಮೊದಲೇ ಅತ್ತೆ, "ನಿಮ್ಮನೇಲಿ ಎಷ್ಟವೆ? ಅವ್ಕೆ ಮೂಗ್ ಒರ್ಸೋಗಿ" ಎಂದು ಅಟ್ಟುತ್ತಿದ್ದರು. ಚಳಿಗಾಲ ಕಳೆದು, ಮಳೆಗಾಲವೂ ಕಳೆಯುತ್ತಿದ್ದಾಗ ಡಾಕ್ಟರು ಕೆಲವು ವಾರಗಳ ಮಟ್ಟಿಗೆ ಮಾತ್ರೆ ನಿಲ್ಲಿಸಿ ನೋಡೋಣವೆಂದರು. ಹಾಗೆ ನೋಡುತ್ತಿದ್ದಾಗಲೇ ಒಂದು ದಿನ ಸ್ಕ್ಯಾನಿನ ಪರದೆಯನ್ನು ನನ್ನ ಕಡೆಗೆ ತಿರುಗಿಸಿದರು. ಬೂದು ಬಣ್ಣದ ಮಬ್ಬಿನ ನಡುವೆ ಒಂದು ಸಣ್ಣ ಕಪ್ಪು ದುಂಡು.

"ಒಂದು ಎದ್ದಿದೆ" ಎಂದರು.

ನಾನು ಆ ದುಂಡನ್ನೇ ನೋಡುತ್ತಿದ್ದೆ.

"ಇದು ನಿನ್ನೆ ಮೊನ್ನೆ ಎದ್ದದ್ದಲ್ಲ ಗೊತ್ತಾ? ಮಲಗಿದ್ದು ಎದ್ದು ಹೊರಟರೆ ಇಲ್ಲಿಗೆ ಬಂದು ಮುಟ್ಟೋಕೆ ಎಷ್ಟೋ ತಿಂಗಳು ಬೇಕು. ಹೆಚ್ಚುಕಡಿಮೆ ಒಂದು ವರ್ಷ ಅಂತಲೂ ಹೇಳ್ತಾರೆ. ನಾವೆಲ್ಲ ಏನೂ ಇಲ್ಲ ಅಂದ್ಕೊಂಡಿದ್ದಾಗ ಇದು ದಾರೀಲಿತ್ತು."

ಆ ಕಪ್ಪು ದುಂಡು ಮಗುವಾಗಲಿಲ್ಲ. ಇಂದಿನವರೆಗೂ ಮತ್ತೊಂದು ಎದ್ದದ್ದನ್ನು ನಾನು ಕಂಡಿಲ್ಲ. ಪ್ರತಿದಿನ ಮಾತ್ರೆ ನುಂಗುತ್ತೇನೆ, ವರ್ಷಕ್ಕೊಮ್ಮೆ ಮೂಳೆಗಳನ್ನು ತೋರಿಸಿಕೊಳ್ಳುತ್ತೇನೆ, ಊರೂರು ತಿರುಗಿ ಹೆಣ್ಣುಮಕ್ಕಳೊಂದಿಗೆ ಮಾತಾಡುತ್ತೇನೆ. ಮುಟ್ಟು ಬರುವುದರ ಬಗ್ಗೆ ಹೇಳುವಾಗ, ಬಾರದೇ ಹೋಗುವುದರ ಬಗ್ಗೆಯೂ ಈಗ ಹೇಳುತ್ತೇನೆ. ಬೇರೆ ದಾರಿಗಳ ಬಾಗಿಲನ್ನು ನಾನೂ ರಾಜುವೂ ಮುಚ್ಚಿಲ್ಲ. ತೆರೆದು ಒಳಗೂ ಹೋಗಿಲ್ಲ. ಮುಂದೆ ಏನೆಂದು ಕೇಳುವವರಿಗೆ, ಗೊತ್ತಿಲ್ಲವೆಂಬುದು ನನ್ನ ಮುಖದಲ್ಲಿ ಕಾಣಿಸಿದರೂ ಅಡ್ಡಿಯಿಲ್ಲ ಎಂದುಕೊಂಡಿದ್ದೇನೆ.

ಆದರೆ ಒಂದು ಸಂಜೆಯ ಬಗ್ಗೆ ಹೇಳದೆ ಇದನ್ನು ಮುಗಿಸಲಾರೆ.

ಆ ಸ್ಕ್ಯಾನಿನ ನಂತರದ ದಿನಗಳಲ್ಲಿ ಒಂದು ಮಧ್ಯಾಹ್ನ, ಶಾಲೆಯಲ್ಲಿದ್ದಾಗ, ನನಗೆ ಮುಟ್ಟಾಯಿತು. ಅದರ ಅರ್ಥ ಎರಡೂ ಆಗಿತ್ತು: ಒಂದು ಮೊಟ್ಟೆ ನಿಜವಾಗಿಯೂ ಎದ್ದು ಬಂದಿತ್ತು, ಬಂದದ್ದು ಹೊರಟುಹೋಗಿತ್ತು. ಮನೆಗೆ ಬಂದವಳೇ ನೇರವಾಗಿ ಅಡುಗೆಮನೆಗೆ ಹೋದೆ. ಯಾರಿಗೂ ಹೇಳಬೇಕಾಗಿಲ್ಲ ಎಂಬ ಹಕ್ಕನ್ನು ವಾದಮಾಡಿ ಗೆದ್ದಿದ್ದ ನಾನು, ಆ ಮನೆಯಲ್ಲಿ ಮೊದಲ ಬಾರಿಗೆ, ಯಾರೂ ಕೇಳದೆ, ನಾನಾಗಿಯೇ ಹೇಳಿದೆ.

"ಅತ್ತೆ, ಮುಟ್ಟಾಗಿದೆ."

ಅವರು ನನ್ನ ಕಣ್ಣನ್ನೇ ನೋಡಿದರು. ಎರಡು ಅರ್ಥಗಳೂ ಅವರಿಗೆ ತಿಳಿದವು. ಜಗುಲಿಯ ಕಡೆಗೆ ಕಣ್ಣು ಹಾಯಿಸಲಿಲ್ಲ. ಎದ್ದು ಬಾಂಡಲಿಯನ್ನು ಒಲೆಯ ಮೇಲಿಟ್ಟು ಎಳ್ಳು ಹುರಿಯತೊಡಗಿದರು. ಹುರಿದ ಎಳ್ಳಿಗೆ ಬೆಲ್ಲ ಹಾಕಿ ಒರಳಲ್ಲಿ ಕುಟ್ಟಿ ಉಂಡೆ ಕಟ್ಟಿದರು. ಚಿಗಳಿ. ನಮ್ಮ ಕಡೆ ಹುಡುಗಿ ಮೊದಲ ಸಲ ದೊಡ್ಡವಳಾದಾಗ ಒಸಗೆ ಮಾಡಿ ತಿನ್ನಿಸುವ ಚಿಗಳಿ. ದೇವನೂರಿನಲ್ಲಿ, ಹಸಿರು ಸೊಪ್ಪಿನ ಗುಡ್ಲಿನೊಳಗೆ ಕೂರಿಸಿ ಅವ್ವ ತಿನ್ನಿಸಿದ್ದೇ ನಾನು ಕೊನೆಯದಾಗಿ ತಿಂದದ್ದು.

"ಮೂವತ್ತೆರಡ್ ವರ್ಷಕ್ಕೆ ದೊಡ್ಡೋಳಾಗ್ಬುಟ್ಟೆ, ಬಾಯ್ ತೆಗಿ" ಎಂದು ಅತ್ತೆ ಒಂದು ಉಂಡೆಯನ್ನು ಬಾಯಿಗಿಟ್ಟರು. ಇನ್ನೊಂದನ್ನು ಕೈಗೆ ಕೊಟ್ಟು, ಎದುರು ಕುಳಿತು, ತಗ್ಗಿದ ದನಿಯಲ್ಲಿ ಹೇಳಿದರು:

"ಒಂದೋರ್ಸದಿಂದ ನಡ್ಕಂಡ್ ಬಂತು ಅಂದ್ರಲ್ಲ ಆ ಡಾಕ್ಟ್ರಮ್ಮ. ಲೆಕ್ಕ ಆಕಿವ್ನಿ ಕಣವ್ವ. ಅವತ್ತೇ ಎದ್ದದ್ದು ಅದು. ಗ್ರಾಣದ್ ದಿನ. ಬಾಗ್ಲು ಆಕಿದ್ನಲ್ಲ."

ಒಂದರ ನಂತರ ಇನ್ನೊಂದು ಘಟಿಸಿದ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವಲ್ಲ. ಇದನ್ನು ನಾನು ಪ್ರತಿವರ್ಷ ಕಪ್ಪುಹಲಗೆಯ ಮೇಲೆ ಬರೆದು ಮಕ್ಕಳಿಗೆ ಕಲಿಸುತ್ತೇನೆ. ಅತ್ತೆ ತಮ್ಮ ಮಂಡನೆ ಮುಗಿಸಿ, ನನ್ನ ಉತ್ತರಕ್ಕಾಗಿ ಕಾಯುತ್ತಿದ್ದರು. ನನ್ನ ಬಾಯಿ ತುಂಬ ಚಿಗಳಿ ಇತ್ತು.